ಹಳೆಯ ದೋಣಿಯಂತ್ರ : ಗುರುತು, ಒಡವೆ, ಎಚ್ಚರ

ಮನುಷ್ಯನಿಗೆ ಹಳೆಯ ವಸ್ತುಗಳ ಮೇಲಿರುವ ಮೋಹಕ್ಕೆ ಕಾರಣ ಹೇಳುವುದು ಕಷ್ಟ. ಅಜ್ಜಿಯ ಕಾಲದ ತಾಮ್ರದ ಹಂಡೆ, ತಂದೆಯವರು ಬಳಸುತ್ತಿದ್ದ ಕೈಗಡಿಯಾರ, ಮಾವನವರ ಹಾರ್ಮೋನಿಯಂ, ಇವುಗಳನ್ನು ಮೂಲೆಗೆ ಹಾಕಲು ಮನಸ್ಸು ಬರುವುದಿಲ್ಲ. ಅಮೆರಿಕದ ಉತ್ತರ ಭಾಗದ ಸರೋವರಗಳ ಸೀಮೆಯಲ್ಲಿ ಇದೇ ಬಗೆಯ ಗೌರವಕ್ಕೆ ಪಾತ್ರವಾಗಿರುವ ಒಂದು ಯಂತ್ರವಿದೆ. ಅದೇ ಔಟ್‌ಬೋರ್ಡ್ ಮೋಟಾರು, ಅಂದರೆ ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಬಿಗಿದು ಓಡಿಸುವ ಎಂಜಿನ್ನು. ಅಲ್ಲಿನ ಎಷ್ಟೋ ಮನೆಗಳ ಕಾರುಕೊಟ್ಟಿಗೆಯಲ್ಲಿ ತಾತನ ಕಾಲದ ಇಂಥದೊಂದು ಯಂತ್ರ ಗೋಡೆಗೆ ಒರಗಿ ನಿಂತಿರುತ್ತದೆ. ಅದರ ಹೆಸರೇನು, ವಯಸ್ಸೆಷ್ಟು, ಅದಕ್ಕೆ ಯಾವ ಎಣ್ಣೆ, ಯಾವ ಟ್ಯಾಂಕು ಎಂಬುದು ಮನೆಯವರಿಗೇ ತಿಳಿದಿರುವುದಿಲ್ಲ. ಈ ತಿಳಿಯದಿರುವಿಕೆ ಬರಿಯ ಕುತೂಹಲದ ಪ್ರಶ್ನೆಯಲ್ಲ, ಜೀವದ ಪ್ರಶ್ನೆಯೂ ಆಗಬಲ್ಲದು ಎಂಬುದನ್ನು ಕಣ್ಣಾರೆ ಕಂಡ ಮೇಲೆ ಈ ಲೇಖನವನ್ನು ಬರೆಯಬೇಕೆನಿಸಿತು.

ಮುಂಬಯಿಯ ಒಂದು ಕಾರ್ಖಾನೆಯಲ್ಲಿ ಮೂರು ದಶಕಗಳ ಕಾಲ ಎಂಜಿನ್ನುಗಳ ನಡುವೆ ಕೈ ಕರಿ ಮಾಡಿಕೊಂಡು ನಿವೃತ್ತನಾದವನು ನಾನು. 2023ರ ಬೇಸಗೆಯಲ್ಲಿ ಮಗನ ಮನೆಗೆಂದು ವಿಸ್ಕಾನ್ಸಿನ್ ರಾಜ್ಯಕ್ಕೆ ಹೋಗಿದ್ದೆ. ನೆರೆಮನೆಯ ಹಿರಿಯರೊಬ್ಬರ ಬಳಿ ಅವರ ತಂದೆ ಬಿಟ್ಟುಹೋದ ಯಂತ್ರವೊಂದಿತ್ತು. ಅದನ್ನು ಮತ್ತೆ ಓಡುವಂತೆ ಮಾಡಿ, ಮೊಮ್ಮಗಳನ್ನು ಕೂರಿಸಿಕೊಂಡು ಸರೋವರದಲ್ಲಿ ಒಂದು ಸುತ್ತು ಹೋಗಬೇಕೆಂಬುದು ಅವರ ಹಂಬಲ. ಆ ಹಂಬಲದ ಕಥೆಯನ್ನು ಮುಂದೆ ಹೇಳುತ್ತೇನೆ. ಮೊದಲು ಈ ಯಂತ್ರದ ವಂಶಾವಳಿಯನ್ನು ಅರಿಯುವುದು ಒಳ್ಳೆಯದು.

ವಂಶಾವಳಿ

ದೋಣಿಗೆ ಹೊರಗಿನಿಂದ ಕಟ್ಟುವ ಯಂತ್ರವನ್ನು ಮಾರುಕಟ್ಟೆಗೆ ತಂದ ಮೊದಲಿಗರಲ್ಲಿ ಡೆಟ್ರಾಯಿಟಿನ ಕ್ಯಾಮರಾನ್ ವಾಟರ್‌ಮನ್ ಒಬ್ಬ. ಆತನಿಗೆ 1907ರಲ್ಲಿ ಪೇಟೆಂಟ್ ದೊರೆಯಿತು. ಆದರೆ ಜನಸಾಮಾನ್ಯರ ನಾಲಗೆಯ ಮೇಲೆ ನಿಂತ ಹೆಸರು ಓಲೆ ಎವಿನ್‌ರೂಡನದು. 1877ರಲ್ಲಿ ನಾರ್ವೆಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆತಾಯಿಗಳೊಡನೆ ವಿಸ್ಕಾನ್ಸಿನ್ನಿಗೆ ಬಂದವನು ಆತ. ಬಿರುಬೇಸಗೆಯ ಒಂದು ದಿನ ಪ್ರಿಯತಮೆ ಬೆಸ್ ಐಸ್‌ಕ್ರೀಮ್ ಬೇಕೆಂದಳಂತೆ. ಓಲೆ ಸರೋವರದ ಆಚೆ ದಡಕ್ಕೆ ಹುಟ್ಟುಹಾಕಿಕೊಂಡು ಹೋಗಿ ಅದನ್ನು ತರುವಷ್ಟರಲ್ಲಿ ಕರಗಿ ನೀರಾಗಿತ್ತಂತೆ. ಆ ದಿನವೇ ದೋಣಿಗೊಂದು ಯಂತ್ರ ಬೇಕೆಂಬ ಯೋಚನೆ ಹೊಳೆಯಿತೆಂದು ಅಲ್ಲಿನವರು ಇಂದಿಗೂ ಹೇಳುತ್ತಾರೆ. ಕಥೆ ಹೇಗಾದರೂ ಇರಲಿ, 1909ರಲ್ಲಿ ಮಿಲ್ವಾಕಿ ನಗರದಲ್ಲಿ ಆತನ ಒಂದೂವರೆ ಅಶ್ವಶಕ್ತಿಯ ಯಂತ್ರ ಮಾರಾಟಕ್ಕೆ ಬಂದದ್ದು ನಿಜ. ಅದರ ತೂಕ 62 ಪೌಂಡು, ಬೆಲೆ 62 ಡಾಲರು. ಬೆಸ್ ಆತನ ಮಡದಿಯಾದಳು, ವ್ಯಾಪಾರದ ಲೆಕ್ಕಪತ್ರವನ್ನೂ ಜಾಹೀರಾತನ್ನೂ ಅವಳೇ ನೋಡಿಕೊಂಡಳು. ಹುಟ್ಟುಗೋಲುಗಳನ್ನು ಬಿಸಾಡಿರೆಂದು ಜನರಿಗೆ ಕರೆಕೊಟ್ಟ ಜಾಹೀರಾತು ಅವಳದೇ.

ಬೆಸ್‌ಳ ಆರೋಗ್ಯ ಕೆಟ್ಟಿತೆಂದು 1914ರಲ್ಲಿ ಓಲೆ ತನ್ನ ಪಾಲನ್ನು ಮಾರಿ ವ್ಯಾಪಾರದಿಂದ ಹೊರಬಂದ. ಕರಾರಿನ ಅವಧಿ ಮುಗಿದ ಮೇಲೆ ಅಲ್ಯೂಮಿನಿಯಮ್ಮಿನಲ್ಲಿ ಎರಕಹೊಯ್ದ ಹಗುರವಾದ ಎರಡು ಸಿಲಿಂಡರಿನ ಯಂತ್ರವನ್ನು ರೂಪಿಸಿ ಎಲ್ಟೊ ಎಂಬ ಹೆಸರಿನಲ್ಲಿ ಮಾರತೊಡಗಿದ. ಅತ್ತ ಇಂಡಿಯಾನಾ ರಾಜ್ಯದ ಜಾನ್ಸನ್ ಸಹೋದರರು 1922ರ ಸುಮಾರಿಗೆ ತಮ್ಮ ಹಗುರ ಯಂತ್ರದೊಂದಿಗೆ ಸ್ಪರ್ಧೆಗಿಳಿದರು. 1929ರಲ್ಲಿ ಎಲ್ಟೊ, ಎವಿನ್‌ರೂಡ್, ಲಾಕ್‌ವುಡ್ ಕಂಪೆನಿಗಳು ಒಂದಾದವು. ಮುಂದೆ 1930ರ ದಶಕದ ನಡುವೆ ಜಾನ್ಸನ್ ಕಂಪೆನಿಯೂ ಅದೇ ಮನೆಯನ್ನು ಸೇರಿತು. ಈ ಕೂಡುಕುಟುಂಬವೇ ಔಟ್‌ಬೋರ್ಡ್ ಮರೀನ್ ಕಾರ್ಪೊರೇಷನ್ ಎಂದು ಪ್ರಸಿದ್ಧವಾಯಿತು. 1939ರಲ್ಲಿ ಕಾರ್ಲ್ ಕೀಕ್‌ಹೇಫರ್ ಎಂಬ ವಿಸ್ಕಾನ್ಸಿನ್ನಿನ ರೈತನ ಮಗ ದಿವಾಳಿಯಾಗಿದ್ದ ಕಾರ್ಖಾನೆಯೊಂದನ್ನು ಕೊಂಡು, ಅಲ್ಲಿ ಹಿಂದಿರುಗಿಬಂದು ಬಿದ್ದಿದ್ದ ಯಂತ್ರಗಳನ್ನು ತಿದ್ದಿ ಮಾರಿದ. ಮರ್ಕ್ಯುರಿ ಯಂತ್ರಗಳ ವಂಶಕ್ಕೆ ಅದೇ ನಾಂದಿ. ಇಂಗ್ಲೆಂಡಿನಲ್ಲಿ 1930ರ ದಶಕದಿಂದ ಬ್ರಿಟಿಷ್ ಸೀಗಲ್ ಎಂಬ ಸರಳ, ಒರಟು, ನಂಬುಗೆಯ ಯಂತ್ರ ಹೆಸರು ಮಾಡಿತು.

ಈ ಮನೆತನಗಳಲ್ಲಿ ಕೆಲವು ಇಂದು ಉಳಿದಿಲ್ಲ. ಔಟ್‌ಬೋರ್ಡ್ ಮರೀನ್ ಕಾರ್ಪೊರೇಷನ್ 2000ದ ಡಿಸೆಂಬರಿನಲ್ಲಿ ದಿವಾಳಿಯೆದ್ದಿತು. ಎವಿನ್‌ರೂಡ್ ಹೆಸರನ್ನು ಕೊಂಡ ಕೆನಡಾದ ಕಂಪೆನಿಯೂ 2020ರಲ್ಲಿ ಅದರ ತಯಾರಿಕೆಯನ್ನು ನಿಲ್ಲಿಸಿತು. ಹೆತ್ತವರು ಇಲ್ಲದ ಮೇಲೆ ಮಕ್ಕಳ ಜಾತಕವನ್ನು ನಾವೇ ಬರೆದುಕೊಳ್ಳಬೇಕು. ಗುರುತು ಹಿಡಿಯುವ ವಿದ್ಯೆಗೆ ಇಷ್ಟು ಬೆಲೆ ಬಂದಿರುವುದು ಇದರಿಂದಲೇ.

ಗುರುತು ಹಿಡಿಯುವ ಬಗೆ

ಮೊದಲ ನಿಯಮ: ಬಣ್ಣವನ್ನು ನಂಬಬೇಡಿ. ಐವತ್ತು ಅರವತ್ತು ವರ್ಷಗಳಲ್ಲಿ ಒಂದು ಯಂತ್ರ ಎಷ್ಟೋ ಕೈ ದಾಟಿರುತ್ತದೆ, ಪ್ರತಿಯೊಬ್ಬ ಒಡೆಯನೂ ತನ್ನ ಮನಸ್ಸಿಗೆ ಬಂದ ಬಣ್ಣ ಬಳಿದಿರುತ್ತಾನೆ. ಮೇಲಿನ ಮುಚ್ಚಳ ಒಂದು ಯಂತ್ರದ್ದು, ಕೆಳಗಿನ ಕಾಲು ಇನ್ನೊಂದರದು ಆಗಿರುವುದೂ ಉಂಟು. ಅಂಟುಚೀಟಿಗಳಂತೂ ಅಂಗಡಿಯಲ್ಲಿ ಹೊಸದಾಗಿಯೇ ಸಿಗುತ್ತವೆ.

ಎರಡನೆಯದು, ತಗಡಿನ ಫಲಕ. ದೋಣಿಯ ಹಲಗೆಗೆ ಯಂತ್ರವನ್ನು ಬಿಗಿಯುವ ಹಿಡಿಕೆಯ ಮೇಲೆ ಸಾಮಾನ್ಯವಾಗಿ ಮಾದರಿಯ ಸಂಖ್ಯೆ ಮತ್ತು ಕ್ರಮಾಂಕವಿರುವ ಸಣ್ಣ ಫಲಕವೊಂದನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ. ಅದು ಕಳಚಿಹೋಗಿದ್ದರೆ ಎದೆಗುಂದಬೇಕಾಗಿಲ್ಲ. ಜಾನ್ಸನ್ ಮತ್ತು ಎವಿನ್‌ರೂಡ್ ಕುಟುಂಬದ ಬಹುಪಾಲು ಯಂತ್ರಗಳಲ್ಲಿ ಎಂಜಿನ್ನಿನ ಮೈಮೇಲೆ ನಾಣ್ಯದ ಗಾತ್ರದ, ಮೆತುವಾದ ಲೋಹದ ಬಿರಡೆಯೊಂದಿರುತ್ತದೆ. ಅದರ ಮೇಲೆಯೂ ಸಂಖ್ಯೆಯನ್ನು ಒತ್ತಿರುತ್ತಾರೆ. ಮುಚ್ಚಳ ತೆಗೆದು, ಬಣ್ಣ ಕರಗಿಸುವ ದ್ರವದಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲನೆ ಒರಸಿದರೆ ಅಕ್ಷರಗಳು ಮೂಡುತ್ತವೆ. ಉಪ್ಪುಕಾಗದದಿಂದ ಉಜ್ಜಬಾರದು, ಉಜ್ಜಿದರೆ ಯಂತ್ರದ ಹಣೆಬರಹವನ್ನೇ ಅಳಿಸಿದಂತಾಗುತ್ತದೆ.

ಮೂರನೆಯದು, ಸಂಖ್ಯೆಯನ್ನು ಓದುವ ಕಲೆ. 1970ರ ದಶಕದ ಜಾನ್ಸನ್ ಯಂತ್ರಗಳಲ್ಲಿ ಇದು ಸುಲಭ. ಮೊದಲ ಅಂಕಿ ಅಶ್ವಶಕ್ತಿಯನ್ನು ಹೇಳುತ್ತದೆ, ನಡುವಿನ ಅಕ್ಷರ ಹಗ್ಗದಿಂದ ಎಬ್ಬಿಸುವುದೋ ವಿದ್ಯುತ್ತಿನಿಂದ ಎಬ್ಬಿಸುವುದೋ ಎಂಬುದನ್ನು, ಕೊನೆಯ ಎರಡು ಅಂಕಿಗಳು ವರ್ಷವನ್ನು. '25 ಇ 78' ಎಂದಿದ್ದರೆ 25 ಅಶ್ವಶಕ್ತಿ, ವಿದ್ಯುತ್ ಚಾಲನೆ, 1978. ಇದೇ ಕುಟುಂಬದ 1980ರಿಂದ ಮುಂದಿನ ಯಂತ್ರಗಳಲ್ಲಿ ವರ್ಷವನ್ನು ಗುಪ್ತಲಿಪಿಯಲ್ಲಿ ಬರೆದರು. 'ಇಂಟ್ರೊಡ್ಯೂಸಸ್' ಎಂಬ ಇಂಗ್ಲಿಷ್ ಪದದ ಹತ್ತು ಅಕ್ಷರಗಳೇ ಅದರ ಕೀಲಿಕೈ. ಐ ಅಂದರೆ 1, ಎನ್ 2, ಟಿ 3, ಆರ್ 4, ಓ 5, ಡಿ 6, ಯು 7, ಸಿ 8, ಇ 9, ಕೊನೆಯ ಎಸ್ ಸೊನ್ನೆ. ಮಾದರಿಯ ಸಂಖ್ಯೆಯಲ್ಲಿ 'ಸಿ ಓ' ಎಂದು ಬಂದರೆ ಅದು 85, ಅಂದರೆ 1985ರ ಯಂತ್ರ. ಅದರ ಮುಂದೆ ಇನ್ನೊಂದು ಅಕ್ಷರವಿದ್ದರೆ ಅದು ತಿದ್ದುಪಡಿಯ ಸೂಚನೆ. ಬ್ರಿಟಿಷ್ ಸೀಗಲ್ಲಿನಲ್ಲಿ ಕ್ರಮಾಂಕದ ಮೊದಲ ಅಕ್ಷರಗಳು ಮಾದರಿಯನ್ನು ಹೇಳುತ್ತವೆ. 1960ರ ದಶಕದ ಉತ್ತರಾರ್ಧದಿಂದೀಚೆಗಿನವುಗಳಲ್ಲಿ ಕೊನೆಯ ಅಕ್ಷರ ತಿಂಗಳನ್ನೂ ಅಂಕಿ ವರ್ಷವನ್ನೂ ಸೂಚಿಸುತ್ತದೆ.

ನಾಲ್ಕನೆಯದು, ದತ್ತುಮಕ್ಕಳ ವಿಚಾರ. ಅಮೆರಿಕದ ದೊಡ್ಡ ಅಂಗಡಿಗಳು ಬೇರೆಯವರಿಂದ ಯಂತ್ರ ಮಾಡಿಸಿ ತಮ್ಮ ಹೆಸರಿನಲ್ಲಿ ಮಾರುತ್ತಿದ್ದವು. ಸಿಯರ್ಸ್ ಅಂಗಡಿಯ ಎಲ್ಜಿನ್ ಯಂತ್ರಗಳನ್ನು ಬಹುಮಟ್ಟಿಗೆ ವೆಸ್ಟ್ ಬೆಂಡ್ ಕಂಪೆನಿ ಮಾಡುತ್ತಿತ್ತು. ವೆಸ್ಟರ್ನ್ ಆಟೊ ಅಂಗಡಿಯ ವಿಜಾರ್ಡ್ ಎಂಬುದರ ಒಳಗೆ ಇದ್ದುದು ಕೀಕ್‌ಹೇಫರನ ಕೈಕೆಲಸ. ಫೈರ್‌ಸ್ಟೋನ್ ಹೆಸರಿನ ಯಂತ್ರ ಸ್ಕಾಟ್-ಅಟ್‌ವಾಟರ್ ಕಂಪೆನಿಯದು. ಹೀಗಾಗಿ ಬಿಡಿಭಾಗ ಸಿಗಲಿಲ್ಲವೆಂದು ಕೈಚೆಲ್ಲುವ ಮುನ್ನ ಯಂತ್ರದ ನಿಜವಾದ ತಾಯಿಮನೆ ಯಾವುದೆಂದು ಹುಡುಕಬೇಕು. ಜಾನ್ಸನ್ ಹಾಗೂ ಎವಿನ್‌ರೂಡ್ ಒಂದೇ ಕುಟುಂಬದವಾದ ಕಾರಣ ಒಂದರ ಬಿಡಿಭಾಗ ಮತ್ತೊಂದಕ್ಕೆ ಎಷ್ಟೋ ಕಡೆ ಹೊಂದುತ್ತದೆ.

ಐದನೆಯದು, ಮೈಕಟ್ಟು. ಫ್ಲೈವೀಲಿನ ಮೇಲೆ ಕೈಯಿಂದ ತಿರುಗಿಸುವ ಗುಬುಟು ಇದ್ದರೆ ಅದು ಬಹು ಹಳೆಯ, ಎವಿನ್‌ರೂಡನ ಆರಂಭಕಾಲದ ರೀತಿಯದು. ಬರಿಯ ಹಗ್ಗ ಸುತ್ತಿ ಎಳೆಯುವ ಗಾಡಿ ಇದ್ದರೆ ಅದಕ್ಕಿಂತ ಈಚಿನದು. ತಾನೇ ಹಿಂದಕ್ಕೆ ಸುತ್ತಿಕೊಳ್ಳುವ ಹಗ್ಗವಿದ್ದರೆ ಇನ್ನೂ ಈಚಿನದು. ಪೆಟ್ರೋಲ್ ಟ್ಯಾಂಕು ಎಂಜಿನ್ನಿನ ತಲೆಯ ಮೇಲೆಯೇ ಇದೆಯೋ, ದೋಣಿಯ ತಳದಲ್ಲಿ ಬೇರೆಯಾಗಿ ಇಡುವಂಥದೋ ಎಂಬುದೂ ಒಂದು ಸುಳಿವು. ಜಾನ್ಸನ್ ಕಂಪೆನಿ 1949ರಲ್ಲಿ ಹೊರತಂದ 10 ಅಶ್ವಶಕ್ತಿಯ 'ಕ್ಯೂಡಿ' ಮಾದರಿ ಮುಂದಕ್ಕೆ, ಹಿಂದಕ್ಕೆ ಮತ್ತು ತಟಸ್ಥವಾಗಿ ನಿಲ್ಲುವ ಗೇರನ್ನೂ ಬೇರೆ ಟ್ಯಾಂಕನ್ನೂ ಸಾಮಾನ್ಯ ಮೀನುಗಾರನ ಕೈಗೆ ತಂದಿತ್ತ ಯಂತ್ರ. ಅದರ ಟ್ಯಾಂಕಿಗೆ ಜೋಡಿ ಕೊಳವೆಗಳಿರುತ್ತವೆ. ಆ ಜೋಡಿ ಕೊಳವೆಯೇ ಒಂದು ಕಾಲಘಟ್ಟದ ಮುದ್ರೆ.

ಗ್ಯಾರೇಜಿನ ಆ ಮಧ್ಯಾಹ್ನ

ಈಗ ನೆರೆಮನೆಯ ಕಥೆಗೆ ಬರೋಣ. ಆ ಹಿರಿಯರ ಯಂತ್ರಕ್ಕೆ ಕಪ್ಪು ಬಣ್ಣ ಬಳಿದು ಮೇಲೆ ಮರ್ಕ್ಯುರಿಯ ಅಂಟುಚೀಟಿ ಹಚ್ಚಲಾಗಿತ್ತು. ಫಲಕವಿದ್ದ ಕಡೆ ಎರಡು ರಿವೆಟ್ ತೂತುಗಳು ಮಾತ್ರ ಉಳಿದಿದ್ದವು. ಅದು ಮರ್ಕ್ಯುರಿಯೇ ಎಂದು ಅವರು ನಂಬಿದ್ದರು. ಅಂಗಡಿಯಿಂದ ಎಣ್ಣೆಯ ಸೀಸೆ ತಂದು, ಸೀಸೆಯ ಮೇಲೆ ಬರೆದಿದ್ದಂತೆ 50 ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ ಬೆರೆಸಿದ್ದರು. ನೀರು ತುಂಬಿದ ಪೀಪಾಯಿಯಲ್ಲಿ ಯಂತ್ರದ ಕಾಲನ್ನು ಇಳಿಸಿ ಗ್ಯಾರೇಜಿನೊಳಗೇ ಓಡಿಸಿ ನೋಡುತ್ತಿದ್ದರು. ಅಂದು ಮಳೆ ಬರುತ್ತಿದ್ದುದರಿಂದ ಬಾಗಿಲನ್ನು ಮೊಣಕಾಲೆತ್ತರದವರೆಗೆ ಇಳಿಸಿದ್ದರು. ಹೊಗೆ ಹೋಗಲು ಅಷ್ಟು ಸಂದು ಸಾಕೆಂಬುದು ಅವರ ಲೆಕ್ಕ.

ನಾನು ಹೋದಾಗ ಯಂತ್ರ ನಿಂತಿತ್ತು, ಅವರು ಸ್ಟೂಲಿನ ಮೇಲೆ ಹಣೆ ಹಿಡಿದು ಕುಳಿತಿದ್ದರು. ತಲೆಸಿಡಿತ, ವಾಕರಿಕೆ, ಮಳೆಯಲ್ಲಿ ನೆನೆದು ಶೀತವಾಗಿದೆಯೆಂದರು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ತೋರಿಸಿ, 98 ಇದೆ, ಏನೂ ಚಿಂತೆಯಿಲ್ಲ ಎಂದು ನಗಲು ಯತ್ನಿಸಿದರು. ಮಾತು ತೊದಲುತ್ತಿತ್ತು. ನಾನು ಬಾಗಿಲನ್ನು ಪೂರ್ತಿ ಎತ್ತಿ, ಅವರನ್ನು ತೋಳು ಹಿಡಿದು ಹೊರಗೆ ತಂದು ಮಳೆಯಲ್ಲಿಯೇ ಕೂರಿಸಿದೆ. ಮಗನನ್ನು ಕೂಗಿ ತುರ್ತುಸೇವೆಗೆ ಫೋನು ಮಾಡಿಸಿದೆ. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು ರಾತ್ರಿಯವರೆಗೆ ಇರಿಸಿಕೊಂಡರು. ರಕ್ತಪರೀಕ್ಷೆ ಕಾರ್ಬನ್ ಮಾನಾಕ್ಸೈಡ್ ವಿಷವೆಂಬುದನ್ನು ದೃಢಪಡಿಸಿತು. ಇನ್ನೊಂದು ಸಲ ಹಗ್ಗ ಎಳೆದಿದ್ದರೆ ಏನಾಗುತ್ತಿತ್ತೆಂದು ಆಮೇಲೆ ಅವರ ಮನೆಯವರು ಕೇಳಿದರು. ಉತ್ತರ ಹೇಳಲು ನನ್ನ ನಾಲಗೆ ಏಳಲಿಲ್ಲ.

ಓದುಗರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಇದನ್ನು ಅಪ್ಪಿಕೊಳ್ಳುತ್ತದೆ. ಅಪ್ಪಿಕೊಂಡ ಮೇಲೆ ಆಮ್ಲಜನಕಕ್ಕೆ ಜಾಗವೇ ಉಳಿಯುವುದಿಲ್ಲ. ಮನೆಯಲ್ಲಿ ಬಳಸುವ ಸಾಮಾನ್ಯ ಆಕ್ಸಿಮೀಟರು ಆಮ್ಲಜನಕ ಹೊತ್ತ ರಕ್ತವನ್ನೂ ಈ ವಿಷ ಹೊತ್ತ ರಕ್ತವನ್ನೂ ಬೇರೆಬೇರೆಯಾಗಿ ಗುರುತಿಸಲಾರದು; ಆದುದರಿಂದ ಅದು ತೋರಿಸುವ 98 ಎಂಬ ಅಂಕಿ ಇಲ್ಲಿ ನೆಮ್ಮದಿಯ ಅಂಕಿಯಲ್ಲ. ಸಾದಾ ಗಾಳಿಯಲ್ಲಿ ಈ ವಿಷದ ಅರ್ಧಭಾಗ ಇಳಿಯಲು ನಾಲ್ಕೈದು ಗಂಟೆ ಬೇಕು, ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆಯೊಳಗೆ ಇಳಿಯುತ್ತದೆ. ಯಂತ್ರದ ಬಳಿ ಇದ್ದವರಿಗೆ ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಬಂದರೆ ಶೀತವೆಂದು ಕಷಾಯ ಕುಡಿಸುತ್ತ ಕೂರಬಾರದು. ಹೊರಗಿನ ಗಾಳಿಗೆ ತಂದು ಆಸ್ಪತ್ರೆಗೆ ಸಾಗಿಸಬೇಕು. ಮುಂಬಯಿ ಪುಣೆಗಳ ನಮ್ಮ ಕಟ್ಟಡಗಳಲ್ಲಿ ಜನರೇಟರನ್ನು ಮುಚ್ಚಿದ ಕೋಣೆಯಲ್ಲಿ ಓಡಿಸುವವರಿಗೂ, ಸ್ನಾನದ ಮನೆಯಲ್ಲಿ ಗಾಳಿಗಿಂಡಿಯಿಲ್ಲದೆ ಗ್ಯಾಸ್ ಗೀಸರ್ ಇಟ್ಟುಕೊಂಡವರಿಗೂ ಇದೇ ಮಾತು ಅನ್ವಯಿಸುತ್ತದೆ.

ಗುರುತು ತಿಳಿದ ಮೇಲೆ

ಅವರು ಮನೆಗೆ ಮರಳಿ ಚೇತರಿಸಿಕೊಂಡ ಮೇಲೆ ನಾವಿಬ್ಬರೂ ಯಂತ್ರವನ್ನು ಅಂಗಳಕ್ಕೆ ತಂದು ಮುಚ್ಚಳ ಬಿಚ್ಚಿದೆವು. ಬಣ್ಣದ ಪದರದ ಕೆಳಗಿನ ಬಿರಡೆಯನ್ನು ಒರಸಿದಾಗ 'ಕ್ಯೂಡಿ' ಎಂಬ ಅಕ್ಷರಗಳೂ ಅವುಗಳ ಪಕ್ಕದ ಅಂಕಿಗಳೂ ಕಂಡವು. ಮರ್ಕ್ಯುರಿಯ ಉಡುಗೆ ತೊಟ್ಟಿದ್ದ ಅದು 1950ರ ದಶಕದ ಕೊನೆಯ ಭಾಗದ ಜಾನ್ಸನ್. ಅವರ ಮುಖದಲ್ಲಿ ಮೂಡಿದ ಭಾವವನ್ನು ನಾನು ಮರೆಯಲಾರೆ. ತಂದೆ ತಾವು ಹುಡುಗನಾಗಿದ್ದಾಗ ಹಸಿರು ಯಂತ್ರವೊಂದರ ಮಾತನ್ನು ಆಡುತ್ತಿದ್ದರು, ಇದು ಅದೇ ಇರಬೇಕು ಎಂದು ಮೆಲುದನಿಯಲ್ಲಿ ಅಂದರು. ಮೂಲೆಯೊಂದರಲ್ಲಿ ಕಪ್ಪಿನ ಕೆಳಗೆ ಹಸಿರಿನ ಸಣ್ಣ ತುಣುಕು ಉಳಿದಿತ್ತು.

ಗುರುತು ತಿಳಿದೊಡನೆ ಎಣ್ಣೆಯ ಲೆಕ್ಕ ಬದಲಾಯಿತು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನೊಡನೆ ಬೆರೆಸಿದ ಎಣ್ಣೆಯೇ ಒಳಗಿನ ಬೇರಿಂಗುಗಳಿಗೆ ಆಧಾರ. ಈ ಕುಟುಂಬದ ಯಂತ್ರಗಳಿಗೆ 50ಕ್ಕೆ 1ರ ಪ್ರಮಾಣ ಬಳಕೆಗೆ ಬಂದದ್ದು 1964ರ ಸುಮಾರಿಗೆ. ಅದಕ್ಕೆ ಹಿಂದಿನ ಆ ಕಾಲದ ಯಂತ್ರಗಳಿಗೆ 24ಕ್ಕೆ 1 ಬೇಕು. ಇನ್ನೂ ಹಳೆಯ, ಕಂಚಿನ ಬುಷ್ ಇರುವ ಯಂತ್ರಗಳಿಗೆ 16ಕ್ಕೆ 1. ಹಳೆಯ ಸೀಗಲ್ಲುಗಳಿಗೆ 10ಕ್ಕೆ 1 ಎಂಬುದು ಅವರ ಕಾರ್ಖಾನೆಯ ಹಳೆಯ ವಿಧಿ. ಒಂದು ಲೀಟರು ಪೆಟ್ರೋಲಿಗೆ ಲೆಕ್ಕ ಹಾಕಿದರೆ 50ಕ್ಕೆ 1 ಎಂದರೆ 20 ಮಿಲಿಲೀಟರು, 24ಕ್ಕೆ 1 ಎಂದರೆ ಸುಮಾರು 42, 16ಕ್ಕೆ 1 ಎಂದರೆ ಸುಮಾರು 62, 10ಕ್ಕೆ 1 ಎಂದರೆ 100. ನಮ್ಮ ಹಿರಿಯರು ಬೇಕಾದುದರ ಅರ್ಧ ಎಣ್ಣೆಯಲ್ಲಿ ಯಂತ್ರವನ್ನು ಓಡಿಸುತ್ತಿದ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ; ಅರವತ್ತು ವರ್ಷ ಬಾಳಿದ ಯಂತ್ರ ಒಂದು ಮಧ್ಯಾಹ್ನದಲ್ಲಿ ಸುಟ್ಟುಹೋಗಬಹುದಿತ್ತು. ಬಳಸುವ ಎಣ್ಣೆ ದೋಣಿಯಂತ್ರಕ್ಕೆಂದೇ ಇರುವ, ಟಿಸಿ-ಡಬ್ಲ್ಯು3 ಎಂಬ ದರ್ಜೆಯ ಗುರುತುಳ್ಳದ್ದಾಗಿರಬೇಕು. ಸ್ಕೂಟರಿನ ಎಣ್ಣೆ ಸಲ್ಲದು.

ಇಂದಿನ ಪೆಟ್ರೋಲಿನ ವಿಷಯದಲ್ಲಿಯೂ ಎಚ್ಚರ ಬೇಕು. ಅಮೆರಿಕದಲ್ಲಿ ಅದಕ್ಕೆ ಸಾಮಾನ್ಯವಾಗಿ 10 ಪಾಲು ಎಥನಾಲ್ ಬೆರೆಸಿರುತ್ತಾರೆ, ನಮ್ಮ ದೇಶದಲ್ಲಿ ಈಗ 20 ಪಾಲು ಬೆರೆಸಿದ ಪೆಟ್ರೋಲು ಎಲ್ಲೆಡೆ ಬಂದಿದೆ. ಎಥನಾಲ್ ಹಳೆಯ ರಬ್ಬರ್ ಕೊಳವೆಗಳನ್ನು ಮೆತ್ತಗಾಗಿಸುತ್ತದೆ, ಗಾಳಿಯ ತೇವವನ್ನು ಹೀರುತ್ತದೆ. ಹಳೆಯ ಕಾರ್ಬ್ಯುರೇಟರಿನ ಬೆಂಡಿನ ತೇಲುಬಿರಡೆಗೆ ಬಳಿದ ಅರಗಿನ ಲೇಪವನ್ನೂ ಕರಗಿಸುತ್ತದೆ. ಲೇಪ ಕರಗಿದರೆ ಬೆಂಡು ಪೆಟ್ರೋಲು ಕುಡಿದು ಮುಳುಗುತ್ತದೆ, ಪೆಟ್ರೋಲು ಹೊರಗೆ ಚೆಲ್ಲುತ್ತದೆ. ಎಥನಾಲ್ ಇಲ್ಲದ ಪೆಟ್ರೋಲು ಸಿಗುವಲ್ಲಿ ಅದನ್ನೇ ಬಳಸುವುದು ಮೇಲು. ಸಿಗದಿದ್ದಲ್ಲಿ ಹೊಸ ಬಗೆಯ ಕೊಳವೆ ಹಾಗೂ ತೇಲುಬಿರಡೆಯನ್ನು ಹಾಕಿಸಬೇಕು, ಓಟ ಮುಗಿದ ಮೇಲೆ ಕಾರ್ಬ್ಯುರೇಟರನ್ನು ಬರಿದುಮಾಡಬೇಕು.

ವಯಸ್ಸಿಗೆ ತಕ್ಕ ಒಡವೆ

ಹಳೆಯ ಯಂತ್ರಕ್ಕೆ ಉಪಕರಣ ಜೋಡಿಸುವುದೆಂದರೆ ಮುತ್ತೈದೆಗೆ ಒಡವೆ ತೊಡಿಸಿದಂತೆ. ವಯಸ್ಸಿಗೆ ತಕ್ಕದ್ದಾಗಿರಬೇಕು, ಹಗುರವಾಗಿರಬೇಕು, ಮೈಗೆ ಚುಚ್ಚಬಾರದು. ಇಲ್ಲಿ ಒಂದು ಸೂತ್ರವನ್ನು ನಾನು ಅನುಸರಿಸುತ್ತೇನೆ: ಕಣ್ಣಿಗೆ ಕಾಣುವುದು ಹಳೆಯದಾಗಿರಲಿ, ಪ್ರಾಣ ಕಾಯುವುದು ಹೊಸದಾಗಿರಲಿ. ಮುಚ್ಚಳ, ಹಿಡಿಕೆ, ಫಲಕ, ಮೂಲ ಬಣ್ಣ, ಹಳೆಯ ಪ್ರೊಪೆಲ್ಲರು ಇವನ್ನು ಉಳಿಸಿಕೊಳ್ಳಿ. ನೀರೆತ್ತುವ ಪಂಪಿನ ರಬ್ಬರ್ ಇಂಪೆಲರ್, ಪೆಟ್ರೋಲ್ ಕೊಳವೆ, ಸ್ಪಾರ್ಕ್ ಪ್ಲಗ್ಗಿನ ತಂತಿ, ಮ್ಯಾಗ್ನೆಟೊದ ಬಿರುಕುಬಿಟ್ಟ ಕಾಯಿಲು, ಕಂಡೆನ್ಸರು, ಗೇರ್ ಪೆಟ್ಟಿಗೆಯ ಎಣ್ಣೆ, ಇವನ್ನು ನಿಸ್ಸಂಕೋಚವಾಗಿ ಹೊಸದು ಮಾಡಿ.

ಒಡವೆಗಳಲ್ಲಿ ಮುಖ್ಯವಾದುದು ಪೆಟ್ರೋಲ್ ಟ್ಯಾಂಕು, ಅತಿ ಅಪಾಯದ್ದೂ ಅದೇ. ಜೋಡಿ ಕೊಳವೆಯ ಟ್ಯಾಂಕಿನಲ್ಲಿ ಒಂದು ಕೊಳವೆ ಎಂಜಿನ್ನಿನ ಒತ್ತಡದ ಗಾಳಿಯನ್ನು ಟ್ಯಾಂಕಿಗೆ ಒಯ್ಯುತ್ತದೆ. ಆ ಒತ್ತಡಕ್ಕೆ ಪೆಟ್ರೋಲು ಇನ್ನೊಂದು ಕೊಳವೆಯಿಂದ ಎಂಜಿನ್ನಿಗೆ ಏರುತ್ತದೆ. ಇಂದಿನ ಒಂಟಿ ಕೊಳವೆಯ ಟ್ಯಾಂಕಿನಲ್ಲಾದರೋ ಎಂಜಿನ್ನಿನ ಪಂಪು ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಒಂದಕ್ಕೆ ಇನ್ನೊಂದನ್ನು ಸುಮ್ಮನೆ ಜೋಡಿಸಿದರೆ ನಡೆಯದು. ಹಳೆಯದನ್ನೇ ಇಟ್ಟುಕೊಂಡರೆ ಮುಚ್ಚಳದ ಗ್ಯಾಸ್ಕೆಟ್ಟು ಬಿಗಿಯಾಗಿರಬೇಕು. ಎಂಜಿನ್ನನ್ನು ನಿಲ್ಲಿಸಿದ ಮೇಲೆಯೇ, ಮುಚ್ಚಳವನ್ನು ನಿಧಾನವಾಗಿ ಸಡಿಲಿಸಿ ಒತ್ತಡವನ್ನು ಬಿಡಬೇಕು. ಸೋರುವ ಟ್ಯಾಂಕಿನಿಂದ ಒತ್ತಡದಲ್ಲಿ ಚಿಮ್ಮುವ ಪೆಟ್ರೋಲು ಬೆಂಕಿಗೆ ಆಹ್ವಾನ. ಅನುಭವಸ್ಥ ಮೇಸ್ತ್ರಿಯಿಂದ ಸಣ್ಣ ಪಂಪನ್ನು ಜೋಡಿಸಿಸಿ, ಒಂಟಿ ಕೊಳವೆಯ ಟ್ಯಾಂಕಿಗೆ ಬದಲಾಯಿಸಿಕೊಂಡವರೂ ಇದ್ದಾರೆ. ಮಕ್ಕಳನ್ನು ಕೂರಿಸಿಕೊಳ್ಳುವ ದೋಣಿಗೆ ನಾನು ಹೇಳುವುದು ಈ ದಾರಿಯನ್ನೇ. ನಮ್ಮ ಹಿರಿಯರೂ ಹಾಗೆಯೇ ಮಾಡಿಸಿದರು. ಹಳೆಯ ಟ್ಯಾಂಕನ್ನು ಮನೆಯ ಕಪಾಟಿನ ಮೇಲೆ ಪ್ರದರ್ಶನಕ್ಕಿಟ್ಟರು.

ಪ್ರೊಪೆಲ್ಲರನ್ನು ಅಚ್ಚಿಗೆ ಹಿಡಿದಿಡುವ ಶಿಯರ್ ಪಿನ್ ಎಂಬ ಸಣ್ಣ ಕಡ್ಡಿಯ ಮಾತನ್ನು ಇಲ್ಲಿ ಹೇಳಲೇಬೇಕು. ಪ್ರೊಪೆಲ್ಲರು ಬಂಡೆಗೆ ತಾಗಿದರೆ ಮುರಿಯಬೇಕಾದುದು ಈ ಕಡ್ಡಿ. ತಾನು ಮುರಿದು ಗೇರನ್ನು ಉಳಿಸುವುದೇ ಅದರ ಧರ್ಮ. ಅದರ ಜಾಗದಲ್ಲಿ ಮೊಳೆ ಹೊಡೆಯುವವರು ಐದು ರೂಪಾಯಿ ಉಳಿಸಿ ಐದು ಸಾವಿರ ಕಳೆದುಕೊಳ್ಳುತ್ತಾರೆ. ಅದೇ ಮಾದರಿಯ ನಾಲ್ಕು ಕಡ್ಡಿ, ಒಂದು ಇಕ್ಕಳ, ಒಂದು ಜೊತೆ ಪ್ಲಗ್ಗು, ಒಂದು ಹಗ್ಗ, ಇಷ್ಟನ್ನು ಚೀಲದಲ್ಲಿಟ್ಟು ದೋಣಿಯಲ್ಲಿ ಇರಿಸಬೇಕು. ಜೊತೆಗೆ ಒಂದು ಜೋಡಿ ಹುಟ್ಟುಗೋಲು. ಬೆಸ್ ಬಿಸಾಡಿರೆಂದಳೆಂದು ಬಿಸಾಡಬಾರದು.

ಯಂತ್ರದ ಕಾಲಿನ ಉದ್ದವನ್ನೂ ದೋಣಿಯ ಹಿಂಹಲಗೆಯ ಎತ್ತರವನ್ನೂ ಅಳೆದು ನೋಡಬೇಕು. ಸಾಮಾನ್ಯವಾಗಿ 15 ಅಂಗುಲದ ಗಿಡ್ಡಕಾಲು, 20 ಅಂಗುಲದ ಉದ್ದಕಾಲು ಎಂದು ಎರಡು ಬಗೆಯಿವೆ. ದೋಣಿಯ ಶಕ್ತಿಗೆ ಮೀರಿದ ಯಂತ್ರವನ್ನು ಕಟ್ಟಬಾರದು. ಹಿಡಿಕೆಯ ತಿರುಪುಗಳು ಅಲುಗಾಟಕ್ಕೆ ಸಡಿಲಗೊಂಡರೆ ಯಂತ್ರ ನೀರುಪಾಲಾಗದಂತೆ ಸರಪಣಿಯೊಂದನ್ನು ಕಟ್ಟಿಡಬೇಕು. ನಿಲ್ಲಿಸಿಡಲು ಮರದ ಕಾಲುಮಣೆಯೊಂದು ಬೇಕು. ನೆಲಕ್ಕೆ ಒರಗಿಸಿಟ್ಟ ಯಂತ್ರದ ಸಿಲಿಂಡರಿಗೆ ನೀರು ನುಗ್ಗುತ್ತದೆ.

ಮೈಗೆ, ಕಿವಿಗೆ, ಜೀವಕ್ಕೆ

ಈ ಹವ್ಯಾಸಿಗಳ ಆರೋಗ್ಯಕ್ಕಾಗಿ ಇನ್ನು ಕೆಲವು ಮಾತು. ಹಳೆಯ ಬಣ್ಣದಲ್ಲಿ ಸೀಸ, ಹಳೆಯ ಗ್ಯಾಸ್ಕೆಟ್ಟಿನಲ್ಲಿ ಕಲ್ನಾರು ಇರಬಹುದು. ಇವನ್ನು ಒಣಗಿದಂತೆಯೇ ಉಜ್ಜಿ ಪುಡಿ ಎಬ್ಬಿಸಬಾರದು. ಒದ್ದೆ ಮಾಡಿ, ತಕ್ಕ ಮುಖವಾಡ ಧರಿಸಿ ತೆಗೆಯಬೇಕು. ಮಕ್ಕಳನ್ನು ಆ ಜಾಗದಿಂದ ದೂರವಿಡಬೇಕು. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಎಂಬುದು ಕಿವಿಯ ರಕ್ಷಣೆಗೆ ತಜ್ಞರು ಹಾಕಿರುವ ಗೆರೆ. ಸದ್ದು ಏರಿದಂತೆಲ್ಲ ಸಹಿಸಬಹುದಾದ ಹೊತ್ತು ಬೇಗಬೇಗನೆ ಕುಗ್ಗುತ್ತದೆ. ಹಳೆಯ ಯಂತ್ರಗಳಿಗೆ ಸದ್ದಡಗಿಸುವ ಹೊದಿಕೆ ಕಡಿಮೆಯಾದುದರಿಂದ ಕಿವಿಗೆ ಬಿರಡೆ ಇಟ್ಟುಕೊಳ್ಳುವುದು ನಾಚಿಕೆಯ ಮಾತಲ್ಲ. ಬರಿಯ ಫ್ಲೈವೀಲು ತಿರುಗುವ ಯಂತ್ರದ ಬಳಿ ಸೆರಗು, ಜಡೆ, ಸಡಿಲ ತೋಳು ಸುಳಿಯಬಾರದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಕುಳಿತು ಕಿಡಿಗಾಗಿ ಕಾಯುತ್ತದೆ. ಟ್ಯಾಂಕನ್ನು ದಡಕ್ಕೆ ಇಳಿಸಿಯೇ ತುಂಬಬೇಕು.

ಚಾಲಕ ನೀರಿಗೆ ಬಿದ್ದರೆ ಯಂತ್ರ ತಾನಾಗಿ ನಿಲ್ಲುವ ಹುರಿಯ ವ್ಯವಸ್ಥೆ ಹಳೆಯವುಗಳಲ್ಲಿ ಇರುವುದಿಲ್ಲ. ಚಾಲಕನಿಲ್ಲದ ದೋಣಿ ಸುತ್ತು ಹೊಡೆಯುತ್ತ ಬಿದ್ದವನ ಮೇಲೆಯೇ ಪ್ರೊಪೆಲ್ಲರನ್ನು ತರುತ್ತದೆ. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ದೋಣಿಗಳಲ್ಲಿ ಈ ವ್ಯವಸ್ಥೆಯಿದ್ದರೆ ಅದನ್ನು ಬಳಸಲೇಬೇಕೆಂಬ ಕಾನೂನು 2021ರ ಏಪ್ರಿಲ್ 1ರಿಂದ ಬಂದಿದೆ. ಹಳೆಯ ಯಂತ್ರಕ್ಕೆ ಕಾನೂನಿನ ಬಲವಂತವಿಲ್ಲದಿದ್ದರೂ ಮ್ಯಾಗ್ನೆಟೊದ ವಿದ್ಯುತ್ತನ್ನು ಮೈಗಿಳಿಸಿ ನಿಲ್ಲಿಸುವ ಸಣ್ಣ ಸ್ವಿಚ್ಚನ್ನು ಕೂಡಿಸುವುದು ಕಷ್ಟವಲ್ಲ. ಹಳೆಯ ಯಂತ್ರಕ್ಕೆ ತೊಡಿಸಬಹುದಾದ ಅತ್ಯಂತ ಬೆಲೆಬಾಳುವ ಒಡವೆ ಇದು. ಇದಾದ ಮೇಲೆ ಜೀವರಕ್ಷಕ ಅಂಗಿ. ಈಜು ಬರುತ್ತದೆಂಬ ನೆಪ ಇಲ್ಲಿ ನಡೆಯದು.

ನಮ್ಮ ಕರಾವಳಿಗೂ ಈ ಯಂತ್ರ ಹೊಸದಲ್ಲ. ಉಡುಪಿ, ಮಂಗಳೂರು, ಕಾರವಾರಗಳ ನಾಡದೋಣಿಗಳ ಹಿಂಬದಿಯಲ್ಲಿ ಜಪಾನಿ ಮಾದರಿಯ ಔಟ್‌ಬೋರ್ಡ್ ಎಂಜಿನ್ನುಗಳು ಬಹುಕಾಲದಿಂದ ದುಡಿಯುತ್ತಿವೆ. ಪೆಟ್ರೋಲಿನಲ್ಲಿ ಎಬ್ಬಿಸಿ ಸೀಮೆಎಣ್ಣೆಗೆ ಬದಲಿಸಿ ಓಡಿಸುವ ಜಾಣ್ಮೆ ಅಲ್ಲಿನ ಮೀನುಗಾರನಿಗೆ ಕರತಲಾಮಲಕ. ಅವನಿಗೆ ಇದು ಹವ್ಯಾಸವಲ್ಲ, ಅನ್ನ. ಆದರೂ ಎಣ್ಣೆಯ ಪ್ರಮಾಣ, ಶಿಯರ್ ಪಿನ್ನು, ಕಿವಿಯ ಬಿರಡೆ, ಜೀವರಕ್ಷಕ ಅಂಗಿ ಇವುಗಳ ಮಾತು ವಿಸ್ಕಾನ್ಸಿನ್ನಿನ ಸರೋವರದಲ್ಲಿ ಎಷ್ಟು ನಿಜವೋ ಮಲ್ಪೆಯ ಅಳಿವೆಯಲ್ಲಿಯೂ ಅಷ್ಟೇ ನಿಜ.

ಅಮೆರಿಕದಲ್ಲಿ 1965ರಿಂದ ಹಳೆಯ ಔಟ್‌ಬೋರ್ಡ್ ಮೋಟಾರುಗಳ ಪ್ರೇಮಿಗಳ ಸಂಘವೊಂದಿದೆ. ಅದರ ಸದಸ್ಯರು ಸರೋವರದ ದಡದಲ್ಲಿ ಸೇರಿ ತಮ್ಮ ಯಂತ್ರಗಳನ್ನು ಓಡಿಸಿ, ಬಿಡಿಭಾಗ ವಿನಿಮಯ ಮಾಡಿಕೊಂಡು, ಅನುಭವ ಹಂಚಿಕೊಂಡು ಹೋಗುತ್ತಾರೆ. ಪರಊರಿನಲ್ಲಿ ಕನ್ನಡಿಗರು ಸಂಘ ಕಟ್ಟಿಕೊಂಡಂತೆಯೇ ಅದು. ಒಬ್ಬನ ಕೈಯಲ್ಲಿ ಕಳೆದುಹೋಗಬಹುದಾದುದನ್ನು ಹತ್ತು ಜನ ಸೇರಿ ಉಳಿಸಿಕೊಳ್ಳುತ್ತಾರೆ.

ನಾನು ಮುಂಬಯಿಗೆ ಹೊರಡುವ ಹಿಂದಿನ ಭಾನುವಾರ ನೆರೆಮನೆಯವರು ದೋಣಿಯನ್ನು ನೀರಿಗಿಳಿಸಿದರು. ಯಂತ್ರಕ್ಕೆ ಮತ್ತೆ ಹಸಿರು ಬಣ್ಣ ಬಂದಿತ್ತು. ಮೊಮ್ಮಗಳು ಕಿತ್ತಳೆ ಬಣ್ಣದ ಜೀವರಕ್ಷಕ ಅಂಗಿ ತೊಟ್ಟು ಮುಂಬದಿಯಲ್ಲಿ ಕುಳಿತಿದ್ದಳು. ತಾತನ ಮಣಿಕಟ್ಟಿಗೆ ಸ್ವಿಚ್ಚಿನ ಕೆಂಪು ಹುರಿ. ಮೂರನೆಯ ಎಳೆತಕ್ಕೆ ಯಂತ್ರ ಎದ್ದಿತು, ನೀಲಿ ಹೊಗೆಯ ಸಣ್ಣ ಸುರುಳಿ ಗಾಳಿಯಲ್ಲಿ ಚದುರಿಹೋಯಿತು. ಅವರು ದಡದತ್ತ ತಿರುಗಿ ನನಗೆ ಕೈಯೆತ್ತಿದರು. ಎರಡು ತಿಂಗಳ ಹಿಂದೆ ಅದೇ ಕೈ ತೊದಲುತ್ತ ಆಕ್ಸಿಮೀಟರು ತೋರಿಸಿತ್ತೆಂಬುದು ನೆನಪಾಗಿ ನನ್ನ ಕಣ್ಣು ತೇವವಾಯಿತು. ಹಳೆಯದನ್ನು ಪ್ರೀತಿಸುವವನು ಮೊದಲು ಅದನ್ನು ಸರಿಯಾಗಿ ಗುರುತಿಸಬೇಕು, ಅದಕ್ಕೆ ಬೇಕಾದುದನ್ನು ಕೊಡಬೇಕು, ಅದನ್ನು ಸವಿಯಲು ತಾನೂ ಉಳಿದಿರಬೇಕು.